ಹಳೆಯ ಗಣಕಯಂತ್ರದ ಗುಣಕ

ತಮ್ಮ ಮನೆಯ ಅಟ್ಟದಲ್ಲೋ ಊರ ಶಾಲೆಯ ಉಗ್ರಾಣದಲ್ಲೋ 1996-99ರ ಕಾಲದ ಗಣಕಯಂತ್ರವೊಂದು ಬಿದ್ದಿದ್ದರೆ, ಗುಜರಿಗೆ ಹಾಕುವ ಮೊದಲು ಒಮ್ಮೆ ಅದರ ಮುಚ್ಚಳ ತೆಗೆದು ನೋಡಿ. ಇಂದಿನ ಯಂತ್ರಗಳು ತಮ್ಮೊಳಗಿನ ಪ್ರೊಸೆಸರನ್ನು ತಾವೇ ಗುರುತಿಸಿ ಅದರ ವೇಗವನ್ನು ಗೊತ್ತುಮಾಡಿಕೊಳ್ಳುತ್ತವೆ. ಆ ಕಾಲದ ಬಹುಪಾಲು ಯಂತ್ರಗಳಿಗೆ ಅದನ್ನು ನಾವು ಹೇಳಿಕೊಡಬೇಕಾಗಿತ್ತು. ಮದರ್‌ಬೋರ್ಡಿನ ಮೇಲೆ ಸಣ್ಣ ಪಿನ್ನುಗಳೂ, ಅವುಗಳಿಗೆ ತೊಡಿಸಿದ ಕಾಳಿನಷ್ಟು ಗಾತ್ರದ ಪ್ಲಾಸ್ಟಿಕ್ ಟೋಪಿಗಳೂ ಕಾಣುತ್ತವೆಯಷ್ಟೆ, ಅವೇ ಜಂಪರುಗಳು. ಇವನ್ನು ಅರಿತು ಕೂಡಿಸಿದರೆ ಮೂಲೆ ಹಿಡಿದ ಯಂತ್ರ ಎದ್ದು ಕೂಡುತ್ತದೆ. ಅರಿಯದೆ ಕೂಡಿಸಿದರೆ ಚೆನ್ನಾಗಿದ್ದ ಪ್ರೊಸೆಸರೂ ಸುಟ್ಟೀತು.

ವೇಗದ ಲೆಕ್ಕ ಬಲು ಸರಳ. ಬೋರ್ಡಿನ ಮೇಲೆ ಎಲ್ಲ ಭಾಗಗಳಿಗೂ ಸಾಮಾನ್ಯವಾದ ಒಂದು ಮಿಡಿತವಿದೆ. ಅದಕ್ಕೆ ಬಸ್ ವೇಗವೆನ್ನುತ್ತಾರೆ. ಪ್ರೊಸೆಸರ್ ಅದರ ಕೆಲವು ಪಟ್ಟು ವೇಗದಲ್ಲಿ ಓಡುತ್ತದೆ. ರೇಡಿಯೋದಲ್ಲಿ ಕಚೇರಿ ಕೇಳುವವರಿಗೆ ಇದು ಹೊಸದಲ್ಲ: ತಾಳ ಹಾಕುವ ಕೈ ಒಂದೇ ಗತಿಯಲ್ಲಿರುತ್ತದೆ, ಹಾಡುಗಾರರು ಎರಡನೆಯ ಕಾಲಕ್ಕೆ ಏರುತ್ತಾರೆ. ಈ ‘ಎಷ್ಟು ಪಟ್ಟು’ ಎಂಬುದೇ ಗುಣಕ. ಬಸ್ 66 ಮೆಗಾಹರ್ಟ್ಸ್, ಗುಣಕ 2 ಆದರೆ ಪೆಂಟಿಯಂ 133. ಗುಣಕ 3 ಆದರೆ 200. ಎರಡೂವರೆಯಾದರೆ 165 ತಾನೇ, 166 ಹೇಗೆ ಬಂತೆಂದು ಲೆಕ್ಕದಲ್ಲಿ ಚುರುಕಾದವರು ಕೇಳಬಹುದು. ಬೋರ್ಡಿನ 66 ನಿಜಕ್ಕೂ ಅರವತ್ತಾರೂ ಮೂರನೆಯ ಎರಡು ಪಾಲೂ ಆಗಿದೆ; ಬಾಯಿಮಾತಿಗೆ ಪಾಲನ್ನು ಬಿಟ್ಟಿದ್ದಾರೆ.

ತೊಡಕಿರುವುದು ಮುಂದೆ. ಪೆಂಟಿಯಂ ಬೋರ್ಡುಗಳಲ್ಲಿ ಗುಣಕವನ್ನು ತಿಳಿಸುವ ಜಂಪರುಗಳು ಎರಡೇ. ಒಂದೊಂದೂ ತೊಟ್ಟಿರಬೇಕು, ಇಲ್ಲವೆ ತೆರೆದಿರಬೇಕು. ಛಂದಸ್ಸಿನ ಪ್ರಸ್ತಾರ ಬಲ್ಲವರು ಥಟ್ಟನೆ ಹೇಳುತ್ತಾರೆ: ಲಘು ಗುರುಗಳಿಂದ ಎರಡು ಅಕ್ಷರಕ್ಕೆ ನಾಲ್ಕೇ ರೂಪ. ಆ ನಾಲ್ಕೂ 1.5, 2, 2.5, 3 ಎಂಬ ಗುಣಕಗಳಿಗೆ ಹಂಚಿಹೋಗಿದ್ದವು. 1997ರಲ್ಲಿ 233 ಮೆಗಾಹರ್ಟ್ಸಿನ ಪೆಂಟಿಯಂ ಎಂಎಂಎಕ್ಸ್ ಬಂದಾಗ ಅದಕ್ಕೆ 3.5 ಬೇಕಾಯಿತು, ಐದನೆಯ ರೂಪವೋ ಇರಲಿಲ್ಲ. ಇಷ್ಟು ವೇಗದ ಚಿಪ್ಪನ್ನು ಯಾರೂ ಒಂದೂವರೆಯಲ್ಲಿ ಓಡಿಸಲಾರರೆಂದು ಇಂಟೆಲ್ ಕಂಪನಿಯವರು 1.5ರ ಸ್ಥಾನವನ್ನೇ 3.5 ಎಂದು ಓದುವಂತೆ ಅದನ್ನು ರಚಿಸಿದರು. ಊಟಕ್ಕೆ ಕುಳಿತವನು ‘ಸೈಂಧವ ತಾ’ ಎಂದರೆ ಉಪ್ಪು, ಪ್ರಯಾಣಕ್ಕೆ ಹೊರಟವನು ಎಂದರೆ ಕುದುರೆ. ಬೋರ್ಡಿನಲ್ಲಿ ಅಚ್ಚಾಗಿರುವ ಅಂಕಿಯೂ ಹಾಗೆಯೇ. ಅದರ ಅರ್ಥವನ್ನು ನಿಶ್ಚಯಿಸುವುದು ಕೇಳುವ ಚಿಪ್ಪು.

ನಮ್ಮ ಶಾಲೆಯ ಹುಡುಗನೊಬ್ಬ ಇಂಥ ಚಿಪ್ಪನ್ನು ಕೂಡಿಸಿ, ‘ಮೊದಲು ನಿಧಾನವಾಗಿ ಓಡಲಿ ಸಾರ್’ ಎಂದು ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿನ 1.5 ಆರಿಸಿದ. ಪರದೆಯ ಮೇಲೆ 100ರ ಬದಲು 233 ಬಂದಿತು. ಜಾಗರೂಕನಾದವನೇ ಅರಿಯದೆ ತುತ್ತತುದಿಗೆ ಏರುವುದೆಂದರೆ ಇದು. ಅವನ ಚಿಪ್ಪು ಆ ವೇಗಕ್ಕೇ ಹುಟ್ಟಿದ್ದರಿಂದ ಕೇಡಾಗಲಿಲ್ಲ.

ಎಎಂಡಿ ಕಂಪನಿಯ ಕೆ6-2 ಚಿಪ್ಪಿಗೆ (1998) ಮೂರನೆಯ ಜಂಪರೂ ಸೇರಿ, ಅಕ್ಷರಗಣಗಳಂತೆ ಎಂಟು ರೂಪಗಳು ದೊರೆತವು. ಆದರೂ ಅದರ ನಂತರದ ತಳಿಗಳು 2 ಎಂಬ ಸ್ಥಾನವನ್ನು 6 ಎಂದು ಓದುತ್ತವೆ. ಹಳೆಯ ಬೋರ್ಡಿನವರಿಗೆ ಇದೊಂದು ವರವೇ ಆಯಿತು. ಬೋರ್ಡು ಅದಕ್ಕೆ ತಕ್ಕ ವೋಲ್ಟೇಜು ಕೊಡಬಲ್ಲುದಾದರೆ, 66ರ ಬಸ್ಸಿನಲ್ಲಿ ಜಂಪರನ್ನು 2ಕ್ಕೆ ಇಟ್ಟು 400 ಮೆಗಾಹರ್ಟ್ಸಿನ ಚಿಪ್ಪನ್ನು ಪೂರ್ಣ ವೇಗದಲ್ಲಿ ಓಡಿಸಬಹುದು. ಅತ್ತ ಇಂಟೆಲ್‌ನವರು ಸುಮಾರು 1998ರಿಂದ ಗುಣಕವನ್ನು ಚಿಪ್ಪಿನೊಳಗೇ ಬಿಗಿದುಬಿಟ್ಟರು. ಅಂಥದಕ್ಕೆ ಗುಣಕದ ಜಂಪರು ಎಲ್ಲಿದ್ದರೂ ಒಂದೇ.

ಗುಣಕಕ್ಕೆ ಕೈಹಾಕುವ ಮುನ್ನ ವೋಲ್ಟೇಜು ನೋಡಬೇಕು; ನನ್ನ ಮಟ್ಟಿಗೆ ಇದೇ ಮುಖ್ಯ. ಗುಣಕ ತಪ್ಪಿದರೆ ಯಂತ್ರ ಸಾಮಾನ್ಯವಾಗಿ ಮಂದವಾಗುತ್ತದೆ, ಇಲ್ಲವೆ ಮೌನವಾಗುತ್ತದೆ. ವೋಲ್ಟೇಜು ಹೆಚ್ಚಾದರೆ ಚಿಪ್ಪು ಕುದಿಯುತ್ತದೆ. ಮೊದಲಿನ ಪೆಂಟಿಯಂಗೆ ಸುಮಾರು 3.3 ವೋಲ್ಟ್, ಎಂಎಂಎಕ್ಸ್ ಚಿಪ್ಪಿನ ಒಡಲಿಗೆ 2.8, ಕೆ6-2ಕ್ಕೆ ಬಹುಮಟ್ಟಿಗೆ 2.2. ಎಎಂಡಿ ಚಿಪ್ಪುಗಳ ಬೆನ್ನಮೇಲೆಯೇ ಈ ಅಂಕಿ ಅಚ್ಚಾಗಿರುತ್ತದೆ, ಅದನ್ನೇ ನಂಬಿರಿ.

ಕೆಲಸಕ್ಕೆ ತೊಡಗುವಾಗ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕೀಳಿರಿ. ಪೆಟ್ಟಿಗೆಯ ಲೋಹದ ಮೈಯನ್ನು ಒಮ್ಮೆ ಮುಟ್ಟಿ. ಮೈಯಲ್ಲಿ ನಿಂತ ಸ್ಥಿರವಿದ್ಯುತ್ತು ಅಲ್ಲಿಗೆ ಇಳಿಯುತ್ತದೆ. ಈಗಿರುವ ಟೋಪಿಗಳ ಸ್ಥಾನವನ್ನು ಕಾಗದದ ಮೇಲೆ ಚಿತ್ರಿಸಿಕೊಂಡು, ಬಳಿಕ ಬೋರ್ಡಿನ ಪಟ್ಟಿಯಂತೆ ಮೊದಲು ವೋಲ್ಟೇಜು, ಆಮೇಲೆ ಬಸ್, ಕೊನೆಗೆ ಗುಣಕವನ್ನು ಕೂಡಿಸಿ. ಫ್ಯಾನು ತಿರುಗುತ್ತಿದೆಯೇ ನೋಡಿ. ಯಂತ್ರ ಏಳುವಾಗ ಪರದೆಯ ಮೇಲ್ಭಾಗದಲ್ಲಿ ತೋರುವ ಮೆಗಾಹರ್ಟ್ಸ್ ಅಂಕಿ ಚಿಪ್ಪಿನ ಮೇಲಿನದಕ್ಕೆ ಹೊಂದಿದರೆ, ಹೊಸ ಸ್ಥಾನಗಳನ್ನು ಚೀಟಿಯಲ್ಲಿ ಬರೆದು ಮುಚ್ಚಳದ ಒಳಮೈಗೆ ಅಂಟಿಸಿಡಿ. ಮುಂದೆ ಅದನ್ನು ಬಿಚ್ಚುವವರು ತಾವೇ ಆಗಿರಬೇಕೆಂದೇನೂ ಇಲ್ಲವಲ್ಲ.