ನೂರೊಂದು ವರ್ಷದ ಸೋದರಿಯ ಮಿದುಳು

ಮನೆಯಲ್ಲಿ ಅಜ್ಜನೋ ಅಜ್ಜಿಯೋ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳತೊಡಗಿದರೆ ‘ಅರಳು ಮರಳು’ ಎಂದು ಸುಮ್ಮನಾಗುವುದುಂಟು. ಆದರೆ ಪರಿಚಿತ ಬೀದಿಯಲ್ಲೇ ದಾರಿ ತಪ್ಪುವುದು, ಹೆತ್ತ ಮಕ್ಕಳ ಗುರುತೇ ಸಿಗದಿರುವುದು ಮುಪ್ಪಿನ ಸಹಜ ಲಕ್ಷಣವಲ್ಲ, ಕಾಯಿಲೆ. ಇಂಥ ಕಾಯಿಲೆಗಳಲ್ಲಿ ಹೆಚ್ಚಾಗಿ ಕಾಣುವುದು ಆಲ್ಜೈಮರ್. ಜರ್ಮನಿಯ ವೈದ್ಯ ಆಲಾಯ್ಸ್ ಆಲ್ಜೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದರು. ಮಿದುಳಿನ ನರಕೋಶಗಳ ಹೊರಗೆ ಅಮಿಲಾಯ್ಡ್ ಎಂಬ ಪ್ರೋಟೀನು ಗಸಿಯಂತೆ ಕಟ್ಟುತ್ತದೆ. ಒಳಗೆ ಟೌ ಎಂಬ ಇನ್ನೊಂದು ಪ್ರೋಟೀನು ದಾರದ ಸಿಕ್ಕಿನಂತೆ ಗಂಟಾಗುತ್ತದೆ. ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ.

ಹಾಗಾದರೆ ಗಸಿ, ಗಂಟು ಇದ್ದವರೆಲ್ಲ ನೆನಪು ಕಳೆದುಕೊಳ್ಳಲೇಬೇಕೆ? ಇಲ್ಲವೆಂದು ತೋರಿಸಿಕೊಟ್ಟವರಲ್ಲಿ ಅಮೆರಿಕದ ಕ್ರೈಸ್ತ ಸನ್ಯಾಸಿನಿಯರು ಮುಖ್ಯರು.

1986ರಲ್ಲಿ ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿ ಇವರ ಅಧ್ಯಯನ ಆರಂಭಿಸಿದರು. 75 ದಾಟಿದ 678 ಸೋದರಿಯರು ಪ್ರತಿವರ್ಷ ನೆನಪಿನ ಪರೀಕ್ಷೆಗೆ ಕುಳಿತರು. ಮರಣಾನಂತರ ಮಿದುಳನ್ನು ದಾನ ಮಾಡಲೂ ಒಪ್ಪಿದರು. ಶಾಲೆಯ ಪ್ರಯೋಗದಲ್ಲಿ ಒಂದನ್ನು ಬದಲಿಸಿ ಉಳಿದುದನ್ನು ಸ್ಥಿರವಾಗಿಡುತ್ತೇವಲ್ಲವೆ? ಇಲ್ಲಿಯೂ ಹಾಗೆಯೇ: ಎಲ್ಲರ ವಸತಿ, ಊಟ, ವೈದ್ಯೋಪಚಾರ ಬಹುಮಟ್ಟಿಗೆ ಒಂದೇ. ಆದ್ದರಿಂದ ಉಳಿದ ವ್ಯತ್ಯಾಸಗಳನ್ನು ಗುರುತಿಸುವುದು ಸುಲಭವಾಯಿತು.

ಅವರಲ್ಲಿ ಸಿಸ್ಟರ್ ಮೇರಿ ಒಬ್ಬರು. ಕೆಲಸ ಮಾಡುತ್ತಲೇ ಓದಿ 41ರ ವಯಸ್ಸಿನಲ್ಲಿ ಹೈಸ್ಕೂಲು ಮುಗಿಸಿದವರು. 84ರವರೆಗೂ ಪಾಠ ಹೇಳಿದವರು. 101ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಮುನ್ನವೂ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಪಡೆದಿದ್ದರು. ಆದರೆ ಅವರ ಮಿದುಳಿನಲ್ಲಿ ಗಸಿ, ಗಂಟುಗಳು ಹೇರಳವಾಗಿದ್ದವು!

ಮುಖ್ಯರಸ್ತೆ ಮುಚ್ಚಿದರೂ ಒಳರಸ್ತೆಗಳಿರುವ ಊರಿನಲ್ಲಿ ಸಂಚಾರ ನಿಲ್ಲುವುದಿಲ್ಲ. ಕಲಿಕೆಯಿಂದ ನರಕೋಶಗಳ ನಡುವೆ ಹೆಚ್ಚು ಸಂಪರ್ಕಗಳು ಬೆಳೆದಿದ್ದರೆ ಮಿದುಳೂ ಹಾನಿಯನ್ನು ಬಹುಕಾಲ ತಾಳಿಕೊಳ್ಳಬಲ್ಲದು ಎಂಬುದು ವಿಜ್ಞಾನಿಗಳ ವಿವರಣೆ. ಸುಮಾರು 22ರ ಪ್ರಾಯದಲ್ಲಿ ಸೋದರಿಯರು ಬರೆದಿದ್ದ ಆತ್ಮಕಥನಗಳನ್ನೂ ಅವರು ಪರಿಶೀಲಿಸಿದರು. ವಾಕ್ಯಗಳಲ್ಲಿ ವಿಚಾರ ತುಂಬಿ ಬರೆದವರಿಗೆ ಮುಪ್ಪಿನಲ್ಲಿ ಈ ಕಾಯಿಲೆ ಕಡಿಮೆ ಕಂಡಿತ್ತು. ಬರೆದದ್ದರಿಂದಲೇ ಕಾಯಿಲೆ ತಪ್ಪಿತೆಂದು ಇದರಿಂದ ಸಿದ್ಧವಾಗುವುದಿಲ್ಲ, ನಿಜ. ಆದರೆ ಮುಪ್ಪಿನ ಬುತ್ತಿ ಎಳವೆಯಲ್ಲೇ ಕಟ್ಟಲಾರಂಭಿಸುತ್ತದೆ ಎಂಬ ಸೂಚನೆ ಇಲ್ಲಿದೆ.

ಶಾಲೆಯ ಮುಖ ಕಾಣದವರ ಗತಿಯೇನು? ನ್ಯೂರಾಲಜಿ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮರೆವಿನ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿ ಸಮಾಧಾನ ನೀಡುತ್ತದೆ. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲೂ ಈ ಅಂತರವಿತ್ತು.

ಮಿದುಳನ್ನು ಕಾಯಲು ದೇಹವನ್ನೂ ಕಾಯಬೇಕು. ಲ್ಯಾನ್ಸೆಟ್ ಆಯೋಗದ 2024ರ ವರದಿ 14 ಅಪಾಯಗಳನ್ನು ಹೆಸರಿಸಿದೆ. ಕಡಿಮೆ ಶಿಕ್ಷಣ, ತಲೆಗೆ ಪೆಟ್ಟು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ವ್ಯಾಯಾಮವಿಲ್ಲದ ಬದುಕು, ಕಿವುಡುತನ, ಒಂಟಿತನ ಅವುಗಳಲ್ಲಿ ಸೇರಿವೆ. ಇವನ್ನೆಲ್ಲ ನಿವಾರಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಅಂದಾಜು. ಇದು ಖಾತರಿಯಲ್ಲ, ಎಲ್ಲ ಎಚ್ಚರ ವಹಿಸಿದವರಿಗೂ ಕಾಯಿಲೆ ಬರಬಹುದು. ಬಂದವರನ್ನು ದೂಷಿಸುವುದು ಸಲ್ಲದು.

ಆದ್ದರಿಂದ ವಿದ್ಯಾರ್ಥಿಗಳೇ, ಗೈಡಿನ ಉತ್ತರ ನಕಲು ಮಾಡುವ ಬದಲು ಸ್ವಂತ ವಾಕ್ಯದಲ್ಲಿ ಬರೆಯಿರಿ, ಸಂಜೆ ಆಡಿರಿ, ಬೈಕ್ ಏರಿದಾಗ ಹೆಲ್ಮೆಟ್ ಧರಿಸಿರಿ. ತಂದೆತಾಯಿಗಳೇ, ನಿಮ್ಮ ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ. ಕಿವಿ ಮಂದವಾದ ಅಜ್ಜಿಗೆ ಶ್ರವಣ ಸಾಧನ ಕೊಡಿಸಿ, ಮನೆಯ ಮಾತುಕತೆಯಲ್ಲಿ ಅವರನ್ನೂ ಸೇರಿಸಿಕೊಳ್ಳಿ.