ಮುಲುಂಡಿನ ಪ್ರಯೋಗಾಲಯದಲ್ಲಿ ಮಕಂದಿ ಬೇರು

ಗುಜರಾತಿ ಮನೆಗಳಲ್ಲಿ ‘ಗರ್ಮರ್’ ಎಂಬ ಉಪ್ಪಿನಕಾಯಿ ಹಾಕುತ್ತಾರೆ. ಮುಂಬಯಿಯ ಮುಲುಂಡ್, ಘಾಟ್ಕೋಪರ್‌ಗಳಲ್ಲಿ ಗುಜರಾತಿಗಳ ನೆರೆಯಲ್ಲಿರುವ ಕನ್ನಡಿಗರಿಗೂ ಅದರ ಪರಿಚಯವಿದ್ದೀತು. ಅದಕ್ಕೆ ಬಳಸುವುದು ಕೋಲಿಯಸ್ ಫೋರ್ಸ್ಕೋಲಿ ಎಂಬ ಗಿಡದ ದಪ್ಪ ಬೇರು. ಕನ್ನಡದಲ್ಲಿ ಇದಕ್ಕೆ ಮಕಂದಿ ಬೇರು ಎಂದು ಹೆಸರು. ನಮ್ಮ ಮಾಕಳಿ ಬೇರಿನ ಉಪ್ಪಿನಕಾಯಿ ಬೇರೆ. ಅದು ಬಳ್ಳಿಯ ಬೇರು. ಮಕಂದಿ ಬೇರಿಗೆ ನಿಜವಾದ ದಾಯಾದಿ ಎಂದರೆ ಕೆಮ್ಮು ನೆಗಡಿಗೆ ಮನೆಮನೆಯಲ್ಲೂ ಬಾಡಿಸಿ ರಸ ಹಿಂಡುವ ದೊಡ್ಡಪತ್ರೆ. ಎರಡೂ ಕೋಲಿಯಸ್ ಕುಲದವು, ತುಳಸಿಯ ಕುಟುಂಬದವು.

ಈ ಕುಲದ ಗಿಡಗಳನ್ನು ಹೃದಯದ ತೊಂದರೆ, ಹೊಟ್ಟೆನೋವು, ಉಬ್ಬಸ, ಸೆಳವುಗಳಿಗೆ ಔಷಧಿಯಾಗಿ ಬಳಸುತ್ತಿದ್ದುದು ಹಳೆಯ ಸಂಗತಿ. ಜರ್ಮನಿಯ ಹೆಕ್ಸ್ಟ್ ಕಂಪನಿ 1972ರಲ್ಲಿ ಮುಲುಂಡಿನಲ್ಲಿ ಸಂಶೋಧನಾ ಕೇಂದ್ರ ತೆರೆದು, ಭಾರತದ ಔಷಧೀಯ ಗಿಡಗಳ ಸಾರವನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡಿತು. ಮಕಂದಿ ಬೇರಿನ ಸಾರ ರಕ್ತದೊತ್ತಡ ಇಳಿಸುವುದು ಕಂಡಿತು. ಸುಜಾತಾ ಭಟ್, ಬಿ. ಎಸ್. ಬಜ್ವಾ, ಎನ್. ಜೆ. ಡಿಸೋಜಾ ಮತ್ತು ಸಂಗಡಿಗರು ಅದರ ಸತ್ತ್ವವನ್ನು ಬೇರ್ಪಡಿಸಿ, ರಚನೆಯನ್ನು 1977ರಲ್ಲಿ ಪ್ರಕಟಿಸಿದರು. ಆ ವಸ್ತುವೇ ಫೋರ್ಸ್ಕೋಲಿನ್. ಸರಿಸುಮಾರು ಅದೇ ಹೊತ್ತಿಗೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಇದೇ ಬೇರಿನಿಂದ ‘ಕೋಲಿಯೊನಾಲ್’ ತೆಗೆದಿತ್ತು. ಎರಡೂ ಒಂದೇ ಎಂದು ಆಮೇಲೆ ಖಚಿತವಾಯಿತು.

ಫೋರ್ಸ್ಕೋಲಿನ್ ಅಣುವಿನಲ್ಲಿ 22 ಇಂಗಾಲ, 34 ಜಲಜನಕ, 7 ಆಮ್ಲಜನಕ ಪರಮಾಣುಗಳಿವೆ. ಒಂದಕ್ಕೊಂದು ಅಂಟಿಕೊಂಡ ಮೂರು ಉಂಗುರಗಳ ಇಪ್ಪತ್ತು ಇಂಗಾಲದ ಚೌಕಟ್ಟು. ಉಳಿದೆರಡು ಇಂಗಾಲ ಬದಿಗೆ ಜೋಡಿಸಿದ ಅಸಿಟೈಲ್ ಗುಂಪಿನವು. ನೀರಿನಲ್ಲಿ ಕರಗುವುದು ಬಲು ಕಡಿಮೆ. ಗಿಡವೂ ಅದನ್ನು ಬೇರಿನ ಹೊರಪದರದ ಜೀವಕೋಶಗಳಲ್ಲಿ, ಎಣ್ಣೆಯ ಹನಿಗಳೊಳಗೆ ಕೂಡಿಡುತ್ತದೆ.

ಇಷ್ಟೇ ಆಗಿದ್ದರೆ ಇದು ಬಿ.ಪಿ. ಇಳಿಸುವ ಇನ್ನೊಂದು ಮೂಲಿಕೆಯಾಗಿ ಉಳಿಯುತ್ತಿತ್ತು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆನೆತ್ ಸೀಮನ್ ಮತ್ತು ಜಾನ್ ಡೇಲಿ ಅವರಿಂದ 1981ರಲ್ಲಿ ತಿಳಿದಾಗ, ಸಸ್ಯಶಾಸ್ತ್ರದ ಕತೆ ಜೀವಕೋಶದ ಕತೆಯಾಯಿತು.

ಅಡ್ರಿನಲಿನ್‌ನಂಥ ಹಾರ್ಮೋನು ಜೀವಕೋಶದ ಒಳಗೆ ಹೋಗುವುದಿಲ್ಲ. ಬಾಗಿಲ ಹೊರಗೆ ನಿಂತು ಕಾಲಿಂಗ್ ಬೆಲ್ ಒತ್ತುತ್ತದೆ, ಅಷ್ಟೆ. ಆ ಕರೆಗೆ ಪೊರೆಯಲ್ಲಿರುವ ಅಡಿನೈಲಿಲ್ ಸೈಕ್ಲೇಸ್ ಎಂಬ ಕಿಣ್ವ ಎಚ್ಚೆತ್ತು, ಜೀವಕೋಶದಲ್ಲಿರುವ ಎಟಿಪಿ ಎಂಬ ವಸ್ತುವಿನಿಂದ ‘ಸೈಕ್ಲಿಕ್ ಎಎಂಪಿ’ ತಯಾರಿಸುತ್ತದೆ. ಸುದ್ದಿಯನ್ನು ಒಳಗೆಲ್ಲ ಹರಡುವುದು ಇದೇ. ಹಾರ್ಮೋನುಗಳ ಈ ಬಗೆಯ ಕೆಲಸವನ್ನು ಬಿಡಿಸಿ ತೋರಿಸಿದ ಅರ್ಲ್ ಸದರ್ಲೆಂಡ್‌ಗೆ 1971ರ ನೊಬೆಲ್ ಬಂತು. ಫೋರ್ಸ್ಕೋಲಿನ್‌ಗೆ ಬೆಲ್ಲಿನ ಹಂಗಿಲ್ಲ. ಅದು ಕಿಣ್ವದ ಎರಡು ತುಂಡುಗಳ ನಡುವಿನ ಸಂದಿಗೇ ಹೋಗಿ ಕೂತು, ಅವನ್ನು ಬೆಸೆದು, ನೇರವಾಗಿ ಕೆಲಸಕ್ಕೆ ಹಚ್ಚುತ್ತದೆ. ಆಗ ರಕ್ತನಾಳ, ಶ್ವಾಸನಾಳಗಳ ಸ್ನಾಯು ಸಡಿಲಾಗುತ್ತದೆ. ಹೃದಯ ಗಟ್ಟಿಯಾಗಿ ಮಿಡಿಯುತ್ತದೆ. ಎದೆಗೂ ಉಬ್ಬಸಕ್ಕೂ ಒಂದೇ ಕುಲದ ಗಿಡಗಳನ್ನು ಹಿಂದಿನವರು ಹುಡುಕಿಕೊಂಡು ಹೋದದ್ದರ ಹಿಂದೆ ಇಂಥದೊಂದು ಕಾರಣವಿದ್ದಿರಬಹುದು.

ಈ ಬಲವೇ ಔಷಧಿಯಾಗಲು ತೊಡಕೂ ಆಯಿತು. ಸೈಕ್ಲಿಕ್ ಎಎಂಪಿ ದೇಹದ ತುಂಬ ಇದೆ. ಹೃದಯವನ್ನಷ್ಟೇ ಆರಿಸಿ ಮುಟ್ಟುವುದು ಈ ಅಣುವಿಗೆ ಗೊತ್ತಿಲ್ಲ. ಜಪಾನಿನವರು ನೀರಿನಲ್ಲಿ ಕರಗುವ ಮಾರ್ಪಾಡೊಂದನ್ನು ಮಾಡಿ, ‘ಕೋಲ್ಫೋರ್ಸಿನ್ ಡಾರೊಪೇಟ್’ ಎಂಬ ಹೆಸರಿನಲ್ಲಿ ಹಠಾತ್ ಹೃದಯ ವೈಫಲ್ಯಕ್ಕೆ ಇಂಜೆಕ್ಷನ್ನಾಗಿ ಬಳಕೆಗೆ ತಂದರು.

ಆದರೆ ಫೋರ್ಸ್ಕೋಲಿನ್‌ನ ದೊಡ್ಡ ಉಪಕಾರ ನಡೆಯುತ್ತಿರುವುದು ಪ್ರಯೋಗಾಲಯದ ಗಾಜಿನ ತಟ್ಟೆಗಳಲ್ಲಿ. ಶ್ವಾಸಕೋಶದಲ್ಲಿ ಅಂಟು ಲೋಳೆ ಕಟ್ಟಿಕೊಂಡು ಮಕ್ಕಳನ್ನು ಹಿಂಡುವ ‘ಸಿಸ್ಟಿಕ್ ಫೈಬ್ರೋಸಿಸ್’ ಎಂಬ ಆನುವಂಶಿಕ ರೋಗವಿದೆ. ಲವಣ ಮತ್ತು ನೀರು ಹರಿಯಬೇಕಾದ ದಾರಿ ಇದರಲ್ಲಿ ಕೆಟ್ಟಿರುತ್ತದೆ. ನೆದರ್‌ಲ್ಯಾಂಡ್ಸಿನ ಯುಟ್ರೆಕ್ಟ್‌ನ ವಿಜ್ಞಾನಿಗಳು ರೋಗಿಯ ಕರುಳಿನ ಚೂರಿನಿಂದ ಪುಟ್ಟ ಗೋಲಗಳನ್ನು ಬೆಳೆಸಿ, ಅವಕ್ಕೆ ಫೋರ್ಸ್ಕೋಲಿನ್ ಹಾಕುವ ಪರೀಕ್ಷೆಯನ್ನು 2013ರಲ್ಲಿ ಪ್ರಕಟಿಸಿದರು. ಸೈಕ್ಲಿಕ್ ಎಎಂಪಿ ಏರಿದಾಗ, ದಾರಿ ಸರಿಯಿದ್ದರೆ ನೀರು ಒಳನುಗ್ಗಿ ಗೋಲ ಉಬ್ಬುತ್ತದೆ, ಕೆಟ್ಟಿದ್ದರೆ ಉಬ್ಬುವುದಿಲ್ಲ. ಈ ರೋಗದ ದುಬಾರಿ ಔಷಧಿಯೊಂದನ್ನು ಜೊತೆಗೆ ಸೇರಿಸಿದಾಗ ಉಬ್ಬಿತೋ, ಆ ರೋಗಿಗೆ ಅದು ಹಿಡಿಸುವ ಸಾಧ್ಯತೆ ಹೆಚ್ಚು. ಮಗುವಿನ ಮೇಲೆ ಮಾಡಬೇಕಾದ ಪ್ರಯೋಗ ಮೊದಲು ತಟ್ಟೆಯಲ್ಲಿ ಆಗುತ್ತದೆಂದರೆ ಅದೆಷ್ಟು ದೊಡ್ಡ ನೆಮ್ಮದಿ!

ಈ ಹಿರಿಮೆಯ ಪಕ್ಕದಲ್ಲೇ ತೂಕ ಇಳಿಸುವ ಕ್ಯಾಪ್ಸೂಲುಗಳ ಅಬ್ಬರವೂ ಇದೆ. ಅದಕ್ಕೆ ಆಧಾರವೆಂದು ಹೆಚ್ಚಾಗಿ ತೋರಿಸುವುದು 2005ರ ಒಂದು ಅಧ್ಯಯನವನ್ನು. ಅದರಲ್ಲಿ ಇದ್ದವರು ಕೇವಲ 30 ಗಂಡಸರು. ಅಷ್ಟರಿಂದ ಲಕ್ಷಾಂತರ ಜನರಿಗೆ ಭರವಸೆ ಕೊಡುವುದು ತಪ್ಪು. ಬಿ.ಪಿ. ಮಾತ್ರೆ ಅಥವಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಲೇಬಾರದು. ಎರಡರ ಪರಿಣಾಮವನ್ನೂ ಇದು ಹೆಚ್ಚಿಸಬಲ್ಲದು.

ಬೇಡಿಕೆ ಏರಿದಂತೆ ಮಕಂದಿ ಬೇರು ಕರ್ನಾಟಕ, ತಮಿಳುನಾಡುಗಳ ಹೊಲಕ್ಕೂ ಇಳಿದಿದೆ. ಅತ್ತ ಕೋಪನ್‌ಹೇಗನ್ನಿನ ಸಂಶೋಧಕರು ಗಿಡದ ಜೀನ್‌ಗಳನ್ನು ಯೀಸ್ಟಿಗೆ ಸೇರಿಸಿ, ಅದರಿಂದಲೇ ಫೋರ್ಸ್ಕೋಲಿನ್ ಮಾಡಿಸಿ 2017ರಲ್ಲಿ ತೋರಿಸಿದರು. ಬೇರಿಗಾಗಿ ಇಡೀ ಗಿಡವನ್ನೇ ಕೀಳಬೇಕಾಗುವ ಈ ಮೂಲಿಕೆಗೆ, ಕಾಡಿನಲ್ಲಿ ಉಳಿದಿರುವಷ್ಟಕ್ಕಾದರೂ, ಅದರಿಂದ ಒಳ್ಳೆಯದೇ ಆದೀತು.