ಹಳೆ ಸ್ಪೀಕರ್‌ಗೆ ಹೊಸ ಉಸಿರು

ಯಾದಗಿರಿ, ಶಹಾಪುರ, ಸುರಪುರದ ಯಾವುದೇ ಮನೆಯ ಅಟ್ಟದಲ್ಲಿ ಹಳೆಯ ಸ್ಪೀಕರ್ ಪೆಟ್ಟಿಗೆ ಇದ್ದರೆ ಗುಜರಿಗೆ ಹಾಕಬೇಡಿ. ದನಿ ಮಂಕಾಗಿದ್ದರೆ ಒಳಗಿನ ಕ್ರಾಸ್‌ಓವರ್‌ನ ಕೆಪಾಸಿಟರ್ ಒಣಗಿರಬಹುದು, ಅಷ್ಟೆ. ದಪ್ಪ ದನಿಯನ್ನು ವೂಫರ್‌ಗೆ, ಸಣ್ಣ ದನಿಯನ್ನು ಟ್ವೀಟರ್‌ಗೆ ಹಂಚುವುದು ಅದರ ಕೆಲಸ.

ಆ್ಯಕ್ಟಿವ್ ಕ್ರಾಸ್‌ಓವರ್ ಈ ಹಂಚಿಕೆಯನ್ನು ಆಂಪ್ಲಿಫೈಯರ್‌ಗಿಂತ ಮೊದಲೇ ಮಾಡುತ್ತದೆ. ವೂಫರ್‌ಗೊಂದು, ಟ್ವೀಟರ್‌ಗೊಂದು ಆಂಪ್ಲಿಫೈಯರ್. ಎರಡು ಪೆಟ್ಟಿಗೆಗೆ ಒಟ್ಟು 4. ಬಾಸ್ ಜೋರಾಗಿ ಬಡಿದರೂ ಹಾಡಿನ ದನಿ ಒಡೆಯದು. ಜಾತ್ರೆಯ ದೊಡ್ಡ ಸೌಂಡ್ ಸಿಸ್ಟಂಗಳದ್ದೂ ಇದೇ ತತ್ವ.

ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ 1976ರಲ್ಲಿ ಪ್ರಕಟಿಸಿದ ಫಿಲ್ಟರ್ ಇಂದಿಗೂ ಚಾಲ್ತಿಯಲ್ಲಿದೆ. ನಾವು ಬಿಇಯಲ್ಲಿ ಓದುವ ಬಟರ್‌ವರ್ತ್ ಫಿಲ್ಟರ್ ಎರಡನ್ನು ಸಾಲಾಗಿ ಜೋಡಿಸಿದರೆ ಅದೇ!

ಒಂದು ಎಚ್ಚರ: ಟ್ವೀಟರ್‌ಗೆ ಕಾವಲಾಗಿ ಒಂದು ಕೆಪಾಸಿಟರ್ ಇರಲಿ. ಇಲ್ಲದಿದ್ದರೆ ಆನ್ ಮಾಡುವಾಗಿನ ‘ಧಡ್’ ಸದ್ದಿಗೇ ಸುಟ್ಟುಹೋದೀತು.

ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸೂತ್ರ ಹಾಡಾಗಿ ಕೇಳಿಸಿದರೆ, ಓದಿದ್ದೂ ಸಾರ್ಥಕ ಅಲ್ಲವೇ?